ಬೂಷ್ಟನ್ನು ದುಡಿಸುವುದು ಹೇಗೆ?

ಮಳೆಗಾಲದ ಒಂದು ಬೆಳಿಗ್ಗೆ. ಮೂರು ದಿನದಿಂದ ಬಿಸಿಲಿಲ್ಲ. ಸೊಸೆ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದಳು. ತಳದಲ್ಲಿ ಒಂದು ಹಳೇ ರೊಟ್ಟಿ ಉಳಿದಿತ್ತು. ಅದರ ಮೇಲೆ ಹಸಿರು ಪುಡಿಯಂತೆ ಏನೋ ಬೆಳೆದಿತ್ತು. ಅಂಚಿನಲ್ಲಿ ಬಿಳಿ ಹತ್ತಿಯಂತೆ ಇತ್ತು.

"ಅತ್ತೆ, ರೊಟ್ಟಿ ಬೂಷ್ಟು ಹಿಡಿದದೆ" ಅಂದಳು.

"ತಿಪ್ಪೆಗೆ ಹಾಕವ್ವ. ದನಕ್ಕೂ ಹಾಕಬ್ಯಾಡ" ಅಂದರು ಅತ್ತೆ.

"ಅಲ್ಲ ಅತ್ತೆ, ನಿನ್ನೆ ಕಲಿಕಾ ಕೇಂದ್ರದಲ್ಲಿ ಅಕ್ಕ ಹೇಳಿದ್ರು. ಬೂಷ್ಟು ಬೆಳೆಸೋಕೆ ಕಾರ್ಖಾನೆ ಅವೆಯಂತೆ."

ಅತ್ತೆ ನಕ್ಕರು. "ಬೂಷ್ಟು ಬೆಳೆಸೋಕೂ ಕಾರ್ಖಾನೆ ಬೇಕಾ? ನಮ್ಮನೇಲಿ ಕೇಳದೇ ಬೆಳೀತದೆ!"

ಅತ್ತೆ ಹೇಳಿದ್ದು ಸರಿ. ಸೊಸೆ ಹೇಳಿದ್ದೂ ಸರಿ. ಅದು ಹೇಗೆ? ಬನ್ನಿ, ತಿಳಿಯೋಣ.

ಬೂಷ್ಟು ಅಂದರೆ ಏನು?

ಬೂಷ್ಟು ಕೊಳೆಯಲ್ಲ. ಧೂಳಲ್ಲ. ಅದಕ್ಕೆ ಜೀವ ಇದೆ. ಪುಸ್ತಕದಲ್ಲಿ ಇದನ್ನು 'ಶಿಲೀಂಧ್ರ' ಎಂದು ಬರೆಯುತ್ತಾರೆ. ಮಳೆ ಬಂದಾಗ ಹೊಲದಲ್ಲಿ ಏಳುವ ಅಣಬೆಯೂ ಇದೇ ಜಾತಿಗೆ ಸೇರಿದ್ದು.

ಬೂಷ್ಟಿನ ಬೀಜ ಬಹಳ ಸಣ್ಣದು. ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ 'ಬೀಜಕಣ' ಎಂದು ಹೆಸರು. ಅದು ಗಾಳಿಯಲ್ಲಿ ತೇಲುತ್ತಾ ಇರುತ್ತದೆ. ರೊಟ್ಟಿಯ ಮೇಲೆ ಬೀಳುತ್ತದೆ. ರೊಟ್ಟಿ ಒದ್ದೆ ಇದ್ದರೆ ಮೊಳೆಯುತ್ತದೆ. ಬಿಳಿ ಎಳೆಗಳನ್ನು ಬಿಡುತ್ತದೆ. ಆಮೇಲೆ ಹಸಿರೋ ಕಪ್ಪೋ ಪುಡಿ ಕಾಣುತ್ತದೆ. ಆ ಪುಡಿಯೇ ಅದರ ಹೊಸ ಬೀಜಕಣ.

ಬಾಯಿಲ್ಲ, ಹೊಟ್ಟೆಯಿಲ್ಲ. ಊಟ ಹೇಗೆ?

ನಾವು ರೊಟ್ಟಿ ತಿಂದರೆ ಹೊಟ್ಟೆಯೊಳಗೆ ಕರಗುತ್ತದೆ. ಬೂಷ್ಟಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಅದು ಉಲ್ಟಾ ಕೆಲಸ ಮಾಡುತ್ತದೆ. ಮೊದಲು ಒಂದು ರಸವನ್ನು ಹೊರಗೆ ಬಿಡುತ್ತದೆ. ಆ ರಸ ರೊಟ್ಟಿಯನ್ನು ಕರಗಿಸುತ್ತದೆ. ಕರಗಿದ್ದನ್ನು ಬೂಷ್ಟು ಹೀರಿಕೊಳ್ಳುತ್ತದೆ.

ಆ ರಸದಲ್ಲಿ ಕೆಲಸ ಮಾಡುವ ವಸ್ತುವಿಗೆ 'ಕಿಣ್ವ' ಎಂದು ಹೆಸರು. ಇಂಗ್ಲಿಷಿನಲ್ಲಿ 'ಎನ್‌ಜೈಮ್' ಅಂತಾರೆ.

ಕಿಣ್ವ ನಮ್ಮ ಬಾಯಲ್ಲೂ ಇದೆ. ಬೇಕಾದರೆ ನೋಡಿ. ಒಂದು ತುತ್ತು ಅನ್ನವನ್ನು ಬಾಯಿಗೆ ಹಾಕಿಕೊಳ್ಳಿ. ನುಂಗಬೇಡಿ. ಚೆನ್ನಾಗಿ ಅಗಿಯುತ್ತಾ ಇರಿ. ಸ್ವಲ್ಪ ಹೊತ್ತಿಗೆ ಅನ್ನ ಸಿಹಿ ಆಗುತ್ತದೆ. ಸಕ್ಕರೆ ಹಾಕಲಿಲ್ಲ. ಸಿಹಿ ಎಲ್ಲಿಂದ ಬಂತು? ಎಂಜಲಿನಲ್ಲಿರುವ ಕಿಣ್ವ ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಿತು. ಅನ್ನ ಬಸಿದ ಗಂಜಿಯಲ್ಲಿ ಇರುವುದು ಈ ಪಿಷ್ಟವೇ.

ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಬೀಗಕ್ಕೆ ತಕ್ಕ ಬೀಗದ ಕೈ ಇದ್ದ ಹಾಗೆ. ಪಿಷ್ಟವನ್ನು ಒಡೆಯುವ ಕಿಣ್ವದ ಹೆಸರು ಅಮೈಲೇಸ್. ಬೇಳೆ, ಕಾಳುಗಳ ಸತ್ವವನ್ನು ಒಡೆಯುವುದು ಪ್ರೋಟಿಯೇಸ್. ಹತ್ತಿ, ಹುಲ್ಲು, ಸೌದೆಯ ನಾರನ್ನು ಒಡೆಯುವುದು ಸೆಲ್ಯುಲೇಸ್.

ಕಿಣ್ವದಿಂದ ನಮಗೇನು?

ಅಂಗಡಿಯಲ್ಲಿ ಹಣ್ಣಿನ ರಸದ ಬಾಟಲಿ ನೋಡಿದ್ದೀರಿ. ಸೇಬಿನ ರಸ ತಿಳಿಯಾಗಿ ಇರುತ್ತದೆ. ಮನೆಯಲ್ಲಿ ಹಿಂಡಿದರೆ ಮಡ್ಡಿ ಬರುತ್ತದೆ. ಕಾರ್ಖಾನೆಯಲ್ಲಿ ಆ ಮಡ್ಡಿಯನ್ನು ಕಿಣ್ವ ಒಡೆಯುತ್ತದೆ. ಆ ಕಿಣ್ವ ಬರುವುದು ಕಪ್ಪು ಬೂಷ್ಟಿನಿಂದ.

ಮೆಕ್ಕೆಜೋಳದ ಪಿಷ್ಟದಿಂದ ಗ್ಲೂಕೋಸ್ ಮಾಡಲು ಕಿಣ್ವ ಬೇಕು. ಬ್ರೆಡ್ಡು ಮೆತ್ತಗೆ ಬರಲು ಕಿಣ್ವ ಹಾಕುತ್ತಾರೆ. ಬಟ್ಟೆ ಒಗೆಯುವ ಕೆಲವು ಪುಡಿಗಳಲ್ಲೂ ಕಿಣ್ವ ಇರುತ್ತದೆ. ಇವುಗಳಲ್ಲಿ ಕೆಲವು ಬೂಷ್ಟಿನಿಂದ ಬಂದವು. ಕೆಲವು ಬ್ಯಾಕ್ಟೀರಿಯಾ ಎಂಬ ಬೇರೆ ಸಣ್ಣ ಜೀವಿಗಳಿಂದ ಬಂದವು.

ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ಹೊಲಿಯುವ ಕೆಲಸ ಬಹಳ ನಡೆಯುತ್ತದೆ. ಹೊಸ ಜೀನ್ಸನ್ನು ಹಳೆಯದರ ಹಾಗೆ ಮಾಸಲು ಮಾಡುವುದು ಒಂದು ರೀತಿಯ ಸೊಗಸು. ಮೊದಲು ಇದಕ್ಕೆ ಕಲ್ಲುಗಳ ಜೊತೆ ಬಟ್ಟೆ ಹಾಕಿ ತಿರುಗಿಸುತ್ತಿದ್ದರು. ಆಮೇಲೆ ಸೆಲ್ಯುಲೇಸ್ ಕಿಣ್ವ ಬಂತು. ಅದು ಬಟ್ಟೆಯ ಮೇಲಿನ ಸಣ್ಣ ನಾರನ್ನು ಕೊರೆಯುತ್ತದೆ. ನೀಲಿ ಬಣ್ಣ ಸ್ವಲ್ಪ ಬಿಡುತ್ತದೆ. ಕಲ್ಲಿನ ಕೆಲಸ ಕಡಿಮೆ ಆಯಿತು.

ತಾಯಿಯ ತವರಿನ ವಿದ್ಯೆ

ಬೂಷ್ಟಿನ ಕಿಣ್ವವನ್ನು ಮಾರುಕಟ್ಟೆಗೆ ತಂದವರಲ್ಲಿ ಮೊದಲಿಗರು ಜಪಾನ್ ದೇಶದವರು. ಅವರ ಹೆಸರು ಜೋಕಿಚಿ ಟಾಕಾಮಿನೆ. ಹುಟ್ಟಿದ್ದು 1854ರಲ್ಲಿ. ಅವರ ತಾಯಿಯ ತವರು ಮನೆಯವರು ಅಕ್ಕಿಯಿಂದ ಮದ್ಯ ಮಾಡುವ ಮನೆತನದವರು.

ಜಪಾನಿನಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಒಂದು ಜಾತಿಯ ಬೂಷ್ಟನ್ನು ಬೆಳೆಸುತ್ತಾರೆ. ಇದಕ್ಕೆ 'ಕೋಜಿ' ಅಂತಾರೆ. ನೂರಾರು ವರ್ಷಗಳಿಂದ ನಡೆದು ಬಂದ ಪದ್ಧತಿ ಇದು. ಮದ್ಯಕ್ಕೂ ಇದೇ ಬೇಕು. ಸೋಯಾ ಕಾಳಿನ ಸಾರಿಗೂ ಇದೇ ಬೇಕು.

ಟಾಕಾಮಿನೆ ಅಮೆರಿಕಕ್ಕೆ ಹೋದರು. ಅಕ್ಕಿಯ ಬದಲು ಗೋಧಿ ಬೂಸದ ಮೇಲೆ ಕೋಜಿ ಬೂಷ್ಟನ್ನು ಬೆಳೆಸಿದರು. ನಾವು ಹಸುವಿಗೆ ಹಾಕುತ್ತೇವಲ್ಲ, ಅದೇ ಬೂಸ. ಅದರಿಂದ ಕಿಣ್ವ ತೆಗೆದರು. 1894ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಆ ಕಿಣ್ವ ಅಜೀರ್ಣಕ್ಕೆ ಔಷಧಿಯಾಗಿ ಮಾರಾಟವಾಯಿತು.

ನಮ್ಮ ಮೈಸೂರಿನಲ್ಲೂ ಈ ಕೆಲಸ ನಡೆದಿದೆ. ಅಲ್ಲಿ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಇದೆ. ಜನ ಅದನ್ನು ಸಿ.ಎಫ್.ಟಿ.ಆರ್.ಐ. ಅಂತಾರೆ. ಅದು ಶುರುವಾಗಿದ್ದು 1950ರಲ್ಲಿ. ಗೋಧಿ ಬೂಸದ ಮೇಲೆ ಬೂಷ್ಟು ಬೆಳೆಸಿ ಕಿಣ್ವ ತೆಗೆಯುವ ಬಗ್ಗೆ ಅಲ್ಲಿನ ವಿಜ್ಞಾನಿಗಳು ಬಹಳ ಕೆಲಸ ಮಾಡಿದ್ದಾರೆ.

ಬೂಷ್ಟಿಗೆ ಆರು ಹದ

ದೋಸೆ ಹಿಟ್ಟನ್ನು ನೆನಪು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಬೇಗ ಹುಳಿ ಬರುತ್ತದೆ. ಚಳಿಗಾಲದಲ್ಲಿ ಬೆಳಗಾದರೂ ಉಬ್ಬುವುದಿಲ್ಲ. ಆಗ ನೀವು ಏನು ಮಾಡುತ್ತೀರಿ? ಪಾತ್ರೆಯನ್ನು ಒಲೆಯ ಹತ್ತಿರ ಇಡುತ್ತೀರಿ. ನೀರು ಹೆಚ್ಚಾದರೆ ಹಿಟ್ಟು ಕೆಟ್ಟಿತು ಅಂತೀರಿ. ದೋಸೆ ಹಿಟ್ಟನ್ನು ಉಬ್ಬಿಸುವುದು ಬೂಷ್ಟಲ್ಲ. ಬೇರೆ ಸಣ್ಣ ಜೀವಿಗಳು. ಆದರೆ ಹದ ನೋಡುವ ಬುದ್ಧಿ ಒಂದೇ.

ಬೂಷ್ಟು ಸುಮ್ಮನೆ ಬೆಳೆದರೆ ಸಾಲದು. ಕಿಣ್ವವನ್ನು ಹೆಚ್ಚು ಬಿಡಬೇಕು. ಅದಕ್ಕೆ ಆರು ಹದ ನೋಡಬೇಕು.

1. ಊಟ. ಬೂಷ್ಟಿಗೆ ಸಕ್ಕರೆ ಕೊಟ್ಟರೆ ಬೆಳೆಯುತ್ತದೆ. ಆದರೆ ಕಿಣ್ವ ಹೆಚ್ಚು ಬಿಡುವುದಿಲ್ಲ. ಯಾಕೆ? ಕರಗಿದ ಊಟ ಸಿಕ್ಕಿತಲ್ಲ, ಇನ್ನು ಕರಗಿಸುವ ಕೆಲಸ ಯಾಕೆ? ಕೂತಲ್ಲಿಗೇ ತಟ್ಟೆ ಬಂದರೆ ಒಲೆ ಹಚ್ಚುವವರು ಯಾರು? ಅದಕ್ಕೇ ಗೋಧಿ ಬೂಸ ಕೊಡುತ್ತಾರೆ. ಬೂಸದಲ್ಲಿ ಪಿಷ್ಟ ಇದೆ, ನಾರು ಇದೆ, ಸ್ವಲ್ಪ ಸತ್ವವೂ ಇದೆ. ಅದನ್ನು ತಿನ್ನಬೇಕಾದರೆ ಬೂಷ್ಟು ಕಿಣ್ವ ಬಿಡಲೇಬೇಕು. ಜೊತೆಗೆ ಬೂಸ ಅಗ್ಗ.

2. ನೀರು. ಬೂಸ ಒಣಗಿದ್ದರೆ ಬೂಷ್ಟು ಮೊಳೆಯುವುದಿಲ್ಲ. ನೀರು ಹೆಚ್ಚಾದರೆ ಬೂಸ ಮುದ್ದೆಯಾಗುತ್ತದೆ. ಒಳಗೆ ಗಾಳಿ ಆಡುವುದಿಲ್ಲ. ಅನೇಕ ಪ್ರಯೋಗಗಳಲ್ಲಿ 1 ಕಿಲೋ ಬೂಸಕ್ಕೆ ಸುಮಾರು 1 ಲೀಟರ್ ನೀರು ಹಾಕುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಹಿಂಡಿದರೆ ನೀರು ತೊಟ್ಟಿಕ್ಕಬಾರದು.

3. ಕಾವು. ಬಹಳ ಬೂಷ್ಟುಗಳಿಗೆ ಸುಮಾರು 30 ಡಿಗ್ರಿ ಕಾವು ಹಿತ. ಇಲ್ಲಿ ಒಂದು ಸೋಜಿಗ ಇದೆ. ಕೋಜಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದೇ ಬೂಷ್ಟನ್ನು 30 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಕಾಳಿನ ಸತ್ವ ಒಡೆಯುವ ಕಿಣ್ವ ಹೆಚ್ಚು. ಕೊನೆಯ ಹೊತ್ತಿಗೆ 40 ಡಿಗ್ರಿಯ ಹತ್ತಿರ ತಂದರೆ ಪಿಷ್ಟ ಒಡೆಯುವ ಕಿಣ್ವ ಹೆಚ್ಚು. ಬೂಷ್ಟು ಒಂದೇ. ಕಾವು ಬದಲಾದರೆ ಫಲವೂ ಬದಲು.

4. ಹುಳಿ. ಬಹಳ ಬೂಷ್ಟುಗಳಿಗೆ ಸ್ವಲ್ಪ ಹುಳಿ ಇಷ್ಟ. ಹುಳಿಯನ್ನು ಅಳೆಯಲು ಒಂದು ಲೆಕ್ಕ ಇದೆ. ಅದಕ್ಕೆ ಪಿ.ಎಚ್. ಅಂತಾರೆ. ಶುದ್ಧ ನೀರು 7. ಅದಕ್ಕಿಂತ ಕಡಿಮೆ ಆದರೆ ಹುಳಿ. ನಿಂಬೆರಸ 2ರಿಂದ 3. ಬೂಷ್ಟಿಗೆ 5ರಿಂದ 6 ಇದ್ದರೆ ಸಾಮಾನ್ಯವಾಗಿ ಒಗ್ಗುತ್ತದೆ.

5. ಗಾಳಿ. ಬೂಷ್ಟೂ ಉಸಿರಾಡುತ್ತದೆ. ಬೆಳೆಯುವಾಗ ಬಿಸಿಯನ್ನೂ ಬಿಡುತ್ತದೆ. ತಿಪ್ಪೆಯನ್ನು ಅಗೆದಾಗ ಒಳಗಿಂದ ಬಿಸಿ ಹಬೆ ಬರುತ್ತದಲ್ಲ, ಹಾಗೆ. ಬೂಸವನ್ನು ದಪ್ಪವಾಗಿ ಹರಡಿದರೆ ಒಳಗೆ ಬಿಸಿ ಏರಿ ಬೂಷ್ಟು ಸಾಯುತ್ತದೆ. ಅದಕ್ಕೇ ತಟ್ಟೆಯಲ್ಲಿ ತೆಳ್ಳಗೆ ಹರಡುತ್ತಾರೆ. ಕೋಜಿ ಮಾಡುವವರು ನಡುನಡುವೆ ಕೈಯಾಡಿಸಿ ಉಂಡೆ ಒಡೆಯುತ್ತಾರೆ.

6. ಸಮಯ. ಮೊದಲ ದಿನ ಕಿಣ್ವ ಕಡಿಮೆ. ಬೂಷ್ಟು ಬೆಳೆದ ಹಾಗೆ ಕಿಣ್ವ ಏರುತ್ತದೆ. ಕೋಜಿಗೆ ಸುಮಾರು 2 ದಿನ ಸಾಕು. ಬೂಸದಲ್ಲಿ ಬೆಳೆಸುವಾಗ ಅನೇಕ ಸಲ 3ರಿಂದ 5 ದಿನ ಬೇಕು. ಹದ ಮೀರಿದರೆ ಒಂದು ಕಿಣ್ವ ಇನ್ನೊಂದು ಕಿಣ್ವವನ್ನೇ ಒಡೆದುಹಾಕುತ್ತದೆ. ಕಾಯಿ ಬಲಿಯುವ ಮೊದಲೂ ಕೀಳಬಾರದು, ಕೊಳೆತ ಮೇಲೂ ಕೀಳಬಾರದು.

ಹದ ಕಂಡುಹಿಡಿಯುವುದು ಹೇಗೆ?

"ಈ ಲೆಕ್ಕ ಎಲ್ಲಾ ಅವರಿಗೆ ಹೆಂಗೆ ಗೊತ್ತಾಯ್ತು?" ಅತ್ತೆ ಕೇಳಿದರು.

ಮಾಡಿ ನೋಡಿ ಗೊತ್ತಾಯಿತು. ಆದರೆ ಮಾಡಿ ನೋಡುವುದಕ್ಕೂ ಒಂದು ಕ್ರಮ ಇದೆ.

ಐದು ತಟ್ಟೆ ತೆಗೆದುಕೊಳ್ಳುತ್ತಾರೆ. ಐದಕ್ಕೂ ಒಂದೇ ಬೂಸ, ಒಂದೇ ತೂಕ. ಮೊದಲು ಹಬೆಯಲ್ಲಿ ಚೆನ್ನಾಗಿ ಬೇಯಿಸುತ್ತಾರೆ. ನಮ್ಮ ಕುಕ್ಕರಿನಂಥದೇ ದೊಡ್ಡ ಪಾತ್ರೆ. ಅದರಲ್ಲಿ ಬೇರೆ ಜೀವಿಗಳು ಸಾಯುತ್ತವೆ. ಆರಿದ ಮೇಲೆ ಬೂಷ್ಟಿನ ಬೀಜಕಣ ಉದುರಿಸುತ್ತಾರೆ. ಐದಕ್ಕೂ ಒಂದೇ ಕಾವು, ಒಂದೇ ಸಮಯ. ನೀರು ಮಾತ್ರ ಬೇರೆ ಬೇರೆ. ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಸ್ವಲ್ಪ ಹೆಚ್ಚು, ಹೀಗೆ.

ಎಲ್ಲವನ್ನೂ ಒಂದೇ ಸಲ ಬದಲಿಸಿದರೆ ಏನಾಗುತ್ತದೆ? ಸಾರು ರುಚಿಯಾಯಿತು ಅನ್ನಿ. ಉಪ್ಪಿನಿಂದಲೋ, ಹುಳಿಯಿಂದಲೋ, ಖಾರದಿಂದಲೋ ಗೊತ್ತಾಗುವುದಿಲ್ಲ. ಅದಕ್ಕೇ ಒಂದನ್ನು ಬದಲಿಸು, ಉಳಿದದ್ದನ್ನು ಹಾಗೇ ಇಡು.

ದಿನ ಕಳೆದ ಮೇಲೆ ಬೂಸಕ್ಕೆ ನೀರು ಹಾಕಿ ಕಲಸಿ ಸೋಸುತ್ತಾರೆ. ಕಿಣ್ವ ನೀರಿಗೆ ಬರುತ್ತದೆ. ಎಷ್ಟು ಬಂತು? ಅದನ್ನು ನೋಡಲು ಗಂಜಿ ಬೇಕು. ತೆಳು ಗಂಜಿಗೆ ಒಂದು ಹನಿ ಅಯೋಡಿನ್ ಹಾಕಿದರೆ ಕಡುನೀಲಿ ಬಣ್ಣ ಬರುತ್ತದೆ. ಗಂಜಿಗೆ ಕಿಣ್ವದ ನೀರು ಬೆರೆಸಿದರೆ ಪಿಷ್ಟ ಒಡೆಯುತ್ತದೆ. ನೀಲಿ ಮಾಯವಾಗುತ್ತದೆ. ಯಾವ ತಟ್ಟೆಯ ನೀರಿನಿಂದ ನೀಲಿ ಬೇಗ ಹೋಯಿತೋ, ಆ ತಟ್ಟೆಯಲ್ಲಿ ಕಿಣ್ವ ಹೆಚ್ಚು.

ನೀರಿನ ಹದ ಸಿಕ್ಕಿತು. ಅದನ್ನು ಬರೆದಿಡುತ್ತಾರೆ. ಆಮೇಲೆ ಕಾವಿನ ಸರದಿ. ಆಮೇಲೆ ಹುಳಿಯ ಸರದಿ. ಕೊನೆಗೆ ಎರಡು ಮೂರನ್ನು ಒಟ್ಟಿಗೆ ಇಟ್ಟು ಇನ್ನೊಮ್ಮೆ ನೋಡುತ್ತಾರೆ. ಯಾಕೆಂದರೆ ಕಾವು ಹೆಚ್ಚಾದರೆ ಬೂಸ ಬೇಗ ಒಣಗುತ್ತದೆ. ಆಗ ನೀರಿನ ಲೆಕ್ಕವೂ ಬದಲಾಗುತ್ತದೆ.

ಇಲ್ಲಿ ಅಕ್ಷರದ ಬೆಲೆ ತಿಳಿಯುತ್ತದೆ. ಬರೆಯದಿದ್ದರೆ ಐದನೇ ತಟ್ಟೆಯ ಹೊತ್ತಿಗೆ ಮೊದಲ ತಟ್ಟೆ ಮರೆತುಹೋಗುತ್ತದೆ.

ಡೇರೆ ತಿಂದ ಬೂಷ್ಟು

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಸೈನಿಕರು ದೂರದ ಸೊಲೊಮನ್ ದ್ವೀಪಗಳಲ್ಲಿ ಇದ್ದರು. ಅಲ್ಲಿ ಸದಾ ಸೆಕೆ, ಸದಾ ಮಳೆ. ಅವರ ಹತ್ತಿ ಬಟ್ಟೆಯ ಡೇರೆಗಳು ಕೊಳೆತು ಹರಿದುಹೋದವು. ತಿಂದದ್ದು ಒಂದು ಬೂಷ್ಟು.

ಅಮೆರಿಕದ ಸೈನ್ಯದ ಪ್ರಯೋಗಶಾಲೆಯಲ್ಲಿ ಮೇರಿ ಮ್ಯಾಂಡೆಲ್ಸ್ ಎಂಬ ಮಹಿಳೆ ಕೆಲಸ ಮಾಡುತ್ತಿದ್ದರು. ಅವರ ಜೊತೆ ಎಲ್ವಿನ್ ರೀಸ್ ಎಂಬ ವಿಜ್ಞಾನಿ ಇದ್ದರು. ಬೂಷ್ಟನ್ನು ಕೊಲ್ಲುವುದು ಹೇಗೆ ಎಂದು ಶುರುವಾದ ಕೆಲಸ, ಬೂಷ್ಟನ್ನು ದುಡಿಸುವುದು ಹೇಗೆ ಎಂಬ ಕಡೆಗೆ ತಿರುಗಿತು. ಅವರು ಬೂಷ್ಟಿಗೆ ಬೇರೆ ಬೇರೆ ಊಟ ಕೊಟ್ಟು ನೋಡಿದರು. ಬೇರೆ ಬೇರೆ ಲವಣ ಕೊಟ್ಟು ನೋಡಿದರು. 1957ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ನಾರನ್ನೇ ಊಟವಾಗಿ ಕೊಟ್ಟಾಗ ನಾರು ಒಡೆಯುವ ಕಿಣ್ವ ಚೆನ್ನಾಗಿ ಬಂತು.

ಜೀನ್ಸ್ ಮಾಸಲು ಮಾಡುವ ಕಿಣ್ವವನ್ನು ಇಂದು ಈ ಬೂಷ್ಟಿನ ವಂಶದಿಂದಲೂ ತೆಗೆಯುತ್ತಾರೆ. 1977ರಲ್ಲಿ ಅದಕ್ಕೆ ರೀಸ್ ಅವರ ಗೌರವಕ್ಕೆ 'ಟ್ರೈಕೋಡರ್ಮ ರೀಸಿ' ಎಂದು ಹೆಸರಿಟ್ಟರು.

"ಆಯಮ್ಮನ ಹೆಸರು ಇಡಲಿಲ್ವಾ?" ಅಂದರು ಅತ್ತೆ.

ಇಡಲಿಲ್ಲ. ಆದರೆ ಆಯಮ್ಮ ಮಾಡಿದ ಕೆಲಸ ಉಳಿದಿದೆ. ಅದಕ್ಕೇ ಇಲ್ಲಿ ಹೆಸರು ಬರೆದಿದ್ದೇವೆ.

ಮನೆಯ ಬೂಷ್ಟು ಬೇರೆ

ಈಗ ಸೊಸೆಗೆ ಆಸೆ ಹುಟ್ಟಿತು. "ಹಂಗಾದ್ರೆ ಈ ರೊಟ್ಟಿ ಬೂಷ್ಟಿಂದ ನಾವೂ ಕಿಣ್ವ ತೆಗೀಬಹುದಾ?"

ಬೇಡ. ಖಂಡಿತ ಬೇಡ.

ಕಾರ್ಖಾನೆಯಲ್ಲಿ ಯಾವ ಬೂಷ್ಟು ಅಂತ ಗೊತ್ತಿರುತ್ತದೆ. ಪರೀಕ್ಷೆ ಮಾಡಿ ಆರಿಸಿರುತ್ತಾರೆ. ಬೇರೆ ಬೂಷ್ಟು ಸೇರದ ಹಾಗೆ ಕಾಯುತ್ತಾರೆ. ಅಲ್ಲೂ ಅದರ ಪುಡಿ ಉಸಿರಿಗೆ ಹೋದರೆ ಉಬ್ಬಸ ಬರಬಹುದು. ಮೂಗು ಬಾಯಿ ಮುಚ್ಚಿಕೊಂಡೇ ಕೆಲಸ ಮಾಡಬೇಕು. ಮನೆಯ ರೊಟ್ಟಿ ಮೇಲೆ ಬಂದದ್ದು ಯಾವ ಬೂಷ್ಟೋ ನಮಗೆ ತಿಳಿಯದು.

ಕೋಜಿ ಬೂಷ್ಟಿಗೆ ಒಂದು ಹತ್ತಿರದ ನೆಂಟ ಇದೆ. ನೋಡಲು ಅದರ ಹಾಗೇ ಹಸಿರು. ಅದು ಶೇಂಗಾ, ಮೆಕ್ಕೆಜೋಳದ ಮೇಲೆ ಬೆಳೆಯುತ್ತದೆ. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಈ ವಿಷ ನಮ್ಮ ಈಲಿಯನ್ನು ಕೆಡಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ಬಹಳ ಕಾಲ ಹೊಟ್ಟೆಗೆ ಹೋದರೆ ಈಲಿಗೆ ಕ್ಯಾನ್ಸರ್ ಬರಬಹುದು.

1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಕೆಲವು ಹಳ್ಳಿಗಳಲ್ಲಿ ಏನಾಯಿತು ಗೊತ್ತಾ? ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಮೆಕ್ಕೆಜೋಳ ನೆನೆದು ಬೂಷ್ಟು ಹಿಡಿಯಿತು. ಬಡವರು. ಬೇರೆ ಕಾಳಿರಲಿಲ್ಲ. ಅದನ್ನೇ ತಿಂದರು. ಸುಮಾರು 400 ಜನರಿಗೆ ಕಾಮಾಲೆ ಬಂತು. 100ಕ್ಕೂ ಹೆಚ್ಚು ಜನ ಸತ್ತರು.

ಬೂಷ್ಟು ಒರೆಸಿದರೆ ವಿಷ ಹೋಗುವುದಿಲ್ಲ. ಮನೆಯಲ್ಲಿ ಬೇಯಿಸಿದರೂ, ಹುರಿದರೂ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಹಸುವಿಗೆ ಹಾಕಿದರೆ ವಿಷದ ಅಂಶ ಹಾಲಿಗೂ ಬರುತ್ತದೆ. ಆ ಹಾಲನ್ನು ಮಕ್ಕಳು ಕುಡಿಯುತ್ತಾರೆ. "ದನಕ್ಕೂ ಹಾಕಬ್ಯಾಡ" ಅಂದರಲ್ಲ ಅತ್ತೆ, ಅದು ಎಷ್ಟು ದೊಡ್ಡ ಮಾತು ನೋಡಿ.

ಆರು ಹದ ತಿರುಗಿಸಿ

ಬೂಷ್ಟು ಬೆಳೆಯಲು ಏನು ಬೇಕು ಅಂತ ಈಗ ನಿಮಗೆ ಗೊತ್ತು. ಅದನ್ನು ತಪ್ಪಿಸಿದರೆ ಕಾಳು ಉಳಿಯುತ್ತದೆ. ಕಾವನ್ನು ತಪ್ಪಿಸುವುದು ನಮ್ಮ ಕೈಲಿಲ್ಲ. ಕಾಳೇ ಬೂಷ್ಟಿಗೆ ಊಟ. ಆದರೆ ನೀರನ್ನು ತಪ್ಪಿಸಬಹುದು. ಅದೇ ದೊಡ್ಡ ಉಪಾಯ.

ಶೇಂಗಾ ಕಿತ್ತ ಮೇಲೆ ಬೇಗ ಒಣಗಿಸಿ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಜೋಳ ಕಚ್ಚಿದರೆ ಕಟಕ್ ಅನ್ನಬೇಕು. ಮೂಟೆಯನ್ನು ನೆಲದ ಮೇಲೆ ಇಡಬೇಡಿ. ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ಸೋರುವ ಕಡೆ ಇಡಬೇಡಿ. ಒಡೆದ, ಹುಳು ತಿಂದ, ಬಣ್ಣಗೆಟ್ಟ, ಸುಕ್ಕಾದ ಬೀಜವನ್ನು ಆರಿಸಿ ತೆಗೆಯಿರಿ. ಹಳೇ ಕಾಳಿಗೆ ಹೊಸ ಕಾಳು ಬೆರೆಸಬೇಡಿ.

ಸೊಸೆ ರೊಟ್ಟಿಯನ್ನು ತಿಪ್ಪೆಗೆ ಹಾಕಿ ಬಂದಳು. ಬುಟ್ಟಿಯನ್ನು ಬಿಸಿನೀರಲ್ಲಿ ತೊಳೆದು ಒಲೆಯ ಹತ್ತಿರ ಒಣಗಿಸಿದಳು. ಅಷ್ಟರಲ್ಲಿ ಅತ್ತೆ ಶೇಂಗಾ ಮೂಟೆ ಬಿಚ್ಚಿದ್ದರು.

"ಬಾರವ್ವ, ಇದನ್ನೂ ಒಂದ್ಸಲ ನೋಡಾನ. ತಳದಾಗೆ ಒದ್ದೆ ಆಗ್ಯದಾ ಏನೋ" ಅಂದರು.

ನೆನಪಿಡಿ
ಬೂಷ್ಟು ತನ್ನ ಊಟ ಕರಗಿಸಲು ಬಿಡುವ ವಸ್ತುವೇ ಕಿಣ್ವ.
ಊಟ, ನೀರು, ಕಾವು, ಹುಳಿ, ಗಾಳಿ, ಸಮಯ: ಈ ಆರೂ ಹದವಾಗಿ ಇದ್ದರೆ ಕಿಣ್ವ ಹೆಚ್ಚು.
ಹದ ನೋಡುವಾಗ ಒಂದನ್ನೇ ಬದಲಿಸಿ. ನೋಡಿದ್ದನ್ನು ಬರೆದಿಡಿ.
ಬೂಷ್ಟು ಹಿಡಿದ ಕಾಳು ಮನುಷ್ಯರಿಗೂ ಬೇಡ, ದನಕ್ಕೂ ಬೇಡ.

ಉತ್ತರ ಹೇಳಿ
1. ಅನ್ನವನ್ನು ಬಹಳ ಹೊತ್ತು ಅಗಿದರೆ ಯಾಕೆ ಸಿಹಿ ಆಗುತ್ತದೆ?
2. ಬೂಷ್ಟಿಗೆ ಸಕ್ಕರೆಯ ಬದಲು ಬೂಸ ಯಾಕೆ ಕೊಡುತ್ತಾರೆ?
3. ನಿಮ್ಮ ಮನೆಯಲ್ಲಿ ಕಾಳಿನ ಮೂಟೆ ಎಲ್ಲಿದೆ? ಅಲ್ಲಿ ನೆಲ ಒಣಗಿದೆಯಾ? ಇವತ್ತೇ ನೋಡಿ ಬನ್ನಿ. ನಾಳೆ ಎಲ್ಲರಿಗೂ ಹೇಳಿ.